ರಾಕೆಟ್ಟಿನ ಚಕ್ರಕ್ಕೆ ಕುಸುಬಿ ಎಣ್ಣೆ

ಈ ಸಲದ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ನಮ್ಮ ಮನೆಯಲ್ಲಿ ರಾಕೆಟ್ಟಿನ ಚಕ್ರವೊಂದಕ್ಕೆ ಕುಸುಬಿ ಎಣ್ಣೆ ಹಚ್ಚಲಾಯಿತು.

ಹಚ್ಚಿದವಳು ನನ್ನ ಸೊಸೆ ನೀಲವ್ವ. ಎಣ್ಣೆ ಒಂದೇ ಅಲ್ಲ. ಮೇಲೆ ವಿಭೂತಿ, ಅರಿಷಿಣ, ಕುಂಕುಮ, ಒಂದು ಚೆಂಡುಹೂವು. ನಗಬೇಡಿ. ನೀವಾಗಿದ್ದರೂ ಹಚ್ಚುತ್ತಿದ್ದಿರಿ.

ಚಕ್ರ ಬಂದದ್ದು ಹೀಗೆ. ನೀಲವ್ವನ ಮಗ, ಅಂದರೆ ನನ್ನ ಮೊಮ್ಮಗ ಈರಣ್ಣ, ಕೇರಳದ ಕಡಲ ದಂಡೆಯಲ್ಲಿ ರಾಕೆಟ್ಟಿನ ಕೆಲಸದಲ್ಲಿದ್ದಾನೆ. (ಹಾರಿಸುವ ಕೆಲಸವಲ್ಲ. ಹಾರಿಸುವ ಮೊದಲು ಒಂದೊಂದು ಭಾಗವನ್ನೂ ನೆಲಕ್ಕೆ ಕಟ್ಟಿಹಾಕಿ ಪರೀಕ್ಷೆ ಮಾಡುವ ಕೆಲಸ. ರಷ್ಯಾ ಅಮೆರಿಕಾದವರು ಚಂದ್ರನಿಗೇ ಹೊರಟಿದ್ದಾರೆ ಎಂದು ರೇಡಿಯೋ ಹೇಳುತ್ತದೆ. ನಮ್ಮವರು ಇನ್ನೂ ಕಟ್ಟಿಹಾಕುವುದರಲ್ಲೇ ಇದ್ದಾರೆ. ಇರಲಿ, ಅವಸರವೇನು?) ರಾಕೆಟ್ಟಿನ ಹೊಟ್ಟೆಯಲ್ಲೂ ಒಂದು ಪಂಪು ಇರುತ್ತದಂತೆ, ನಮ್ಮೂರು ಹೊರ್ತಿಯ ಬಾವಿಯ ಮೇಲಿನ ಎಂಜಿನ್ ಪಂಪಿನ ಹಾಗೆ. ಅದರೊಳಗಿನ ಚಕ್ರವನ್ನು ಸೊಲ್ಲಾಪುರದ ಕಾರ್ಖಾನೆಯೊಂದರಲ್ಲಿ ಮಾಡಿಸಿ, ತೊಳೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿಸಿಕೊಂಡು ವಾಪಸು ಹೊರಟಿದ್ದ. ದಾರಿಯಲ್ಲಿ ಮನೆ. ಮನೆಯಲ್ಲಿ ಹಬ್ಬ. ಇಳಿಯದೆ ಹೋಗುತ್ತಾನೆಯೇ?

ಅಂಗೈ ಅಗಲದ ಚಕ್ರ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಾಗಿದ ಎಸಳುಗಳಿದ್ದವು. ಚೀಲದ ಹೊರಗಿನಿಂದಲೇ ನಮಗೆಲ್ಲ ತೋರಿಸಿ, ಗೋಡೆಯ ಮಾಡದಲ್ಲಿಟ್ಟು, ಈರಣ್ಣ ತಂದೆಯ ಜೊತೆ ಹೊಲಕ್ಕೆ ಹೋದ. ಮುಟ್ಟಬೇಡಿ ಎಂದು ಹೇಳಿದ್ದನೇ? ಹೇಳಿದ್ದ. ಆದರೆ ನೇಗಿಲು, ಕುಂಟೆ, ಕೂರಿಗೆ, ಕುಡುಗೋಲು, ಕಡೆಗೆ ನನ್ನ ಅಡಕೊತ್ತು ಕೂಡ ದೇವರ ಜಗುಲಿಯ ಮುಂದೆ ಕುಂಕುಮ ಇಟ್ಟುಕೊಂಡು ಕೂತಿರುವಾಗ, ಮಗನಿಗೆ ಅನ್ನ ಕೊಡುವ ಚಕ್ರವೊಂದು ಮಾತ್ರ ಚೀಲದೊಳಗೆ ಮುಖ ಮುಚ್ಚಿಕೊಂಡಿರುವುದನ್ನು ಯಾವ ತಾಯಿ ನೋಡಿಯಾಳು?

ನೀಲವ್ವ ಸೀಲ್ ಒಡೆದಳು. ತಿರುಗುವ ಚಕ್ರ ಎಂದ ಮೇಲೆ ಎಣ್ಣೆ ಬೇಡವೇ? ಎಸಳಿನ ಸಂದು ಸಂದಿಗೂ ಬೆರಳಿಟ್ಟು ತಿಕ್ಕಿದಳು. ಚೀಲವನ್ನೂ ಹಾಳು ಮಾಡಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕು, ಅದರಲ್ಲಿ ಸಂಡಿಗೆ ತುಂಬಿಟ್ಟಳು.

ನಾವು ಎಲ್ಲದಕ್ಕೂ ಏನಾದರೊಂದು ಹಚ್ಚುವ ಜನ. ಹೊಸ್ತಿಲಿಗೆ ಅರಿಷಿಣ. ಎತ್ತಿನ ಕೋಡಿಗೆ ಬಣ್ಣ. ಕೂಸಿನ ಗಲ್ಲಕ್ಕೆ ಕಾಡಿಗೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ. ಹಚ್ಚಿದರೆ ನಮ್ಮದು, ಹಚ್ಚದಿದ್ದರೆ ಪರದೇಶಿ.

ಈರಣ್ಣ ಹೊಲದಿಂದ ಬಂದವನು ಜಗುಲಿಯ ಕಡೆ ನೋಡಿದ. ಬಾಯಿ ತೆರೆದ. ತಾಯಿ ನಗುತ್ತ ನಿಂತಿದ್ದಳು. ಬಾಯಿ ಮುಚ್ಚಿದ. ಎಲ್ಲರ ಜೊತೆ ಕೈಮುಗಿದು, ಹೋಳಿಗೆ ಉಂಡು ಮಲಗಿದ.

ಮರುದಿನ ಬನ್ನಿ ಹಬ್ಬ. ಬೆಳಿಗ್ಗೆ ನೋಡಿದರೆ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಬೋಗುಣಿಯಲ್ಲಿ ವಾಷಿಂಗ್ ಸೋಡಾ ಕುದಿಸುತ್ತಿದ್ದ. ಸೋಡಾ ಕೊಟ್ಟವಳು ಪಕ್ಕದ ಮನೆಯ ಹುಸೇನಬಿ. ನನ್ನ ಕೂದಲು ಕಪ್ಪಿದ್ದಾಗಿನ ಗೆಳತಿ. (ಅವಳು ಏನು ಕೊಟ್ಟರೂ ಅದರ ಹಿಂದೆಯೇ ಬರುತ್ತಾಳೆ, ಏನಾಯಿತೆಂದು ನೋಡಲು.) ಅಷ್ಟರಲ್ಲಿ ನೀಲವ್ವ ಬಂದಳು.

"ಏ ಈರ್ಯಾ, ಏನ್ ಕುದಸಾಕತ್ತಿಯೋ?"

"ಚಕ್ರ ತೊಳೀಬೇಕು ಬೇ."

"ಹಬ್ಬದ ದಿನ ಮುತ್ತೈದಿ ಹಚ್ಚಿದ ಕುಂಕುಮ ತೊಳಿತಿ? ಸಾಹೇಬ ಆದ ಮ್ಯಾಲೆ ದೇವರು ಬ್ಯಾಡಾದ್ನೇನು?"

"ದೇವರು ಬೇಕು. ಎಣ್ಣಿ ಬ್ಯಾಡ."

"ಎಣ್ಣಿ ಇಲ್ದ ಯಾವ ಚಕ್ರ ತಿರಗತೈತೋ? ನಿಮ್ಮಪ್ಪನ ಎಂಜಿನ್ ತಿರಗತೈತೇನು?"

ಸರಿಯಾದ ಪ್ರಶ್ನೆ. ನಾನೂ ಅದನ್ನೇ ಕೇಳಬೇಕೆಂದಿದ್ದೆ. ಇನ್ನು ಮುಚ್ಚಿಡುವಂತಿರಲಿಲ್ಲ. ಈರಣ್ಣ ಕೂತ ಜಾಗದಿಂದಲೇ ಹೇಳಿದ.

"ನಿನ್ನ ಕಾಲಿಗೆ ಕುಡಗೋಲು ತಾಗಿದಾಗ ಕಂಪೌಂಡರ್ ಒಂದು ನೀರು ಹಾಕಿದ್ನಲ್ಲ, ಬುಸುಬುಸು ನೊರಿ ಬಂತು? ಆ ನೀರಿನ ಅಣ್ಣ ಐತಿ, ಭಾಳ ಗಟ್ಟೀದು. ಈ ಚಕ್ರ ತಿರಗಿ ಅದನ್ನ ರಾಕೆಟ್ಟಿನಾಗ ದಬ್ಬಿದ್ರ ಒಡದು ಉಗಿ ಆಗತೈತಿ. ಆ ಉಗಿ ಹಿಂದ ನುಗ್ಗಿದ ಜೋರಿಗೆ ರಾಕೆಟ್ ಮುಂದ ಹೋಗತೈತಿ. ಬ್ಯಾರೆ ಔಷಧ ಅದಾವು, ವಾಸನಿ ತಗೊಂಡ್ರ ಎದಿ ಸುಡತಾವು. ಇದಕ್ಕ ವಿಷ ಇಲ್ಲ, ಹೊಗಿ ಇಲ್ಲ. ಬರೇ ಉಗಿ, ಗಾಳಿ."

"ಹಂಗಿದ್ರ ಒಳ್ಳೇದ ಐತಲ್ಲೋ," ಎಂದೆ ನಾನು.

"ಒಳ್ಳೇದ ಐತಿ ಆಯಿ. ಆದ್ರ ಹೊಲಸು ತಡಿಯೂದಿಲ್ಲ. ಸ್ವಲ್ಪ ಜಿಡ್ಡು ತಾಗಿದ್ರ ನಿಂತ ಜಾಗಾದಾಗ ಕುದಿತೈತಿ."

(ಒಳ್ಳೆಯವರ ಸಿಟ್ಟೇ ಹಾಗೆ. ನಮ್ಮ ಯಜಮಾನರೂ ಹಾಗೇ ಇದ್ದರು.)

"ಕುದಿದ್ರ ಏನಾಗತೈತಿ? ಸಿಡಿತೈತೇನೋ?" ಹುಸೇನಬಿ ಬಿಡುವವಳಲ್ಲ.

ಈರಣ್ಣ ಬೋಗುಣಿಯನ್ನೇ ನೋಡುತ್ತ ಹೇಳಿದ: "ನಾವು ಗ್ವಾಡಿ ಹಿಂದ ನಿಂತಿರ್ತೇವಿ ಖಾಲಾ. ದಪ್ಪ ಕಾಜಿನ ಕಿಡಕಿ ಐತಿ."

ನೀಲವ್ವನ ಕಿವಿಗೆ ಗಾಜು ಬೀಳಲಿಲ್ಲ, ಕಿಟಕಿ ಬೀಳಲಿಲ್ಲ. ಗೋಡೆ ಒಂದೇ ಬಿತ್ತು.

"ಗ್ವಾಡಿ ಹಿಂದ ನಿಂತು ಮಾಡೂ ಕೆಲಸ ಎಂಥಾ ಕೆಲಸೋ ಅದು?" ಎಂದಳು. ಆಮೇಲೆ ತನ್ನ ಬೆರಳು ನೋಡಿಕೊಂಡಳು. "ಹಂಗಾರ ನಾ ಹಚ್ಚಿದ ಎಣ್ಣಿ..."

ಇನ್ನೂ ಬೋಗುಣಿಗೆ ಇಳಿಯದೆ ಹಲಗೆಯ ಮೇಲಿದ್ದ ಚಕ್ರವನ್ನು ಎತ್ತಿಕೊಂಡು ಒಳಗೆ ಹೋದಳು. ತನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ತುರುಕಿ, ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೀ ಹೋಗೂದಿಲ್ಲ. ಇದೂ ಹೋಗೂದಿಲ್ಲ."

"ಸರ್ಕಾರದ ರಾಕೆಟ್ ನಿನ್ನ ಟ್ರಂಕಿನಾಗ ಐತೆಂದ್ರ ಪೊಲೀಸರು ಬರ್ತಾರ ನೀಲವ್ವ," ಎಂದಳು ಹುಸೇನಬಿ.

"ಬರ್ಲಿ. ಅವರಿಗೂ ಹೋಳಿಗಿ ಹಾಕ್ತೇನಿ."

ನಾನು ಗದರಿದೆ. ಗದರುವುದು ನನಗೆ ಬರುತ್ತದೆ. "ನಿನ್ನ ಗಂಡ ದಿನಾ ಹೊಲಕ್ಕ ಹೋಗ್ತಾನ. ಅಲ್ಲಿ ಹಾವಿಲ್ಲೇನು? ಅವನ್ಯಾಕ ಬೀಗ ಹಾಕಿ ಇಟ್ಟಿಲ್ಲ?"

"ಹಾವಿನ ಬಾಯಾಗ ನಾ ಕೈಯಾರೆ ವಿಷ ಹಾಕಿ ಕಳಸೂದಿಲ್ರಿ ಅತ್ತಿ," ಎಂದಳು ನೀಲವ್ವ.

ಅವಳ ಹೆದರಿಕೆ ರಾಕೆಟ್ಟಿನದಲ್ಲ. ಪ್ರೀತಿಯಿಂದ ಇಟ್ಟ ಬೆರಳೇ ಮಗನನ್ನು ತಿನ್ನಬಹುದಾಗಿತ್ತು ಎಂಬುದು. ಆ ಹೆದರಿಕೆಗೆ ಯಾವ ಅತ್ತೆ ಗದರಿ ಏನು ಮಾಡಿಯಾಳು?

ಮಧ್ಯಾಹ್ನ ಈರಣ್ಣ ಬನ್ನಿ ತಂದ. ತಾಯಿಯ ಕೈಗೆ ಎಲೆ ಕೊಟ್ಟು ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣು ಬೇ." ನೀಲವ್ವ ಎಲೆ ತೆಗೆದುಕೊಂಡಳು, ಕೀಲಿಕೈ ತೆಗೆಯಲಿಲ್ಲ. ಅವನು ಅಲ್ಲೇ ಟ್ರಂಕಿಗೆ ಒರಗಿ ಕೂತ.

"ಸಂತ್ಯಾಗಿಂದ ಹೊಸ ಗಡಿಗಿ ತಂದ್ರ ಮೊದಲ ಏನ್ ಮಾಡ್ತಿ?"

"ನೀರು ತುಂಬಿಡ್ತೇನಿ."

"ಎದಕ?"

"ಸೋರತೈತೋ ಹೆಂಗ ನೋಡಾಕ. ಹಾಲು ಹಾಕಿದ ಮ್ಯಾಲೆ ಸೋರಿದ್ರ?"

"ನಮ್ಮದೂ ಅದ ಕೆಲಸ. ಒಡೂದಿದ್ರ ಈಗ ಒಡೀಲಿ, ಗ್ವಾಡಿ ಆಚಿ, ಯಾರೂ ಇಲ್ಲದಾಗ."

"ಬ್ಯಾರೆಯವರು ಯಾರರ ಮಾಡ್ಲಿ. ನೀ ಬ್ಯಾಡ."

"ಬ್ಯಾರೆಯವರು ಅಂದ್ರ ಬಾಬು. ಮಲಯಾಳಿ ಹುಡುಗ. ಚಕ್ರ ಜೋಡಸಾಂವ ಅವನ. ಅವರವ್ವ ನನ್ನ ಊಟಕ್ಕ ಕರದಿದ್ಲು. ಮನಿ ತುಂಬ ಮೀನ ಮಾಡಿಟ್ಟಿದ್ಲು. ನಾ ತಿನ್ನೂದಿಲ್ಲ ಅಂತ ಗೊತ್ತಾಗಿ ಪಾಪ, ಗಡಬಡಿಸಿ ಬಾಳಿಹಣ್ಣು ಕರದು ಕೊಟ್ಲು." ಈರಣ್ಣ ನಕ್ಕ. ಆಮೇಲೆ ನಗಲಿಲ್ಲ. "ಬಾಬುನ ಕೈಗೆ ಹೋಗೂ ಸಾಮಾನಿಗೆ ಜಿಡ್ಡು ಐತೋ ಇಲ್ಲೋ ನೋಡೂ ಕೆಲಸ ನಂದು ಬೇ. ನಾ ಹೋಗದಿದ್ರ ಯಾರು ನೋಡ್ತಾರೋ ನನಗ ಗೊತ್ತಿಲ್ಲ."

ಕಾಣದ ಊರಿನ, ಭಾಷೆ ತಿಳಿಯದ, ಮೀನು ಬೇಯಿಸುವ ಹೆಂಗಸೊಬ್ಬಳು ನಮ್ಮ ಪಡಸಾಲೆಗೆ ಬಂದು ನೀಲವ್ವನ ಎದುರಿಗೆ ಕೂತಂತಿತ್ತು. ನೀಲವ್ವ ಸೊಂಟಕ್ಕೆ ಕೈಹಾಕಿ ಕೀಲಿಕೈ ತೆಗೆದಳು.

"ಆಕಿಗೂ ಒಬ್ಬನ ಮಗನೇನು?"

"ಒಬ್ಬನ."

"ಆ ಕಡೆ ಸರಿ. ತೊಳ್ಯಾಕ ಬರೂದಿಲ್ಲ ನಿನಗ."

ಹಿತ್ತಲಿನಲ್ಲಿ ಒಲೆ ಮತ್ತೆ ಹೊತ್ತಿತು. ಬಳೆಗಳನ್ನು ಮೊಣಕೈಗೆ ಏರಿಸಿ, ಮೊದಲು ತನ್ನ ಕೈಗಳನ್ನೇ ಅಂಟವಾಳಕಾಯಿಯಲ್ಲಿ ತೊಳೆದುಕೊಂಡಳು. ಸೋಡಾದಲ್ಲಿ ಕುದಿಸಿದಳು, ಬಿಸಿನೀರಿನಲ್ಲಿ ಜಾಲಿಸಿದಳು. ತೊಳೆದದ್ದು ಸಾಕೋ ಇಲ್ಲವೋ ಹೇಗೆ ತಿಳಿಯಬೇಕು? ಈರಣ್ಣ ತೋರಿಸಿದ. ಚಕ್ರದ ಮೇಲೆ ನೀರು ಸುರಿಯಬೇಕು. ಜಿಡ್ಡು ಉಳಿದಿದ್ದರೆ ನೀರು ಹನಿಗಟ್ಟುತ್ತದೆ, ಕೆಸುವಿನ ಎಲೆಯ ಮೇಲಿನ ಹಾಗೆ. ಜಿಡ್ಡು ಹೋಗಿದ್ದರೆ ತೆಳುವಾಗಿ, ಒಂದೇ ಪರದೆಯಾಗಿ ಹರಡುತ್ತದೆ. ಅಷ್ಟೇ. ಇಷ್ಟು ದೊಡ್ಡ ರಾಕೆಟ್ಟಿಗೆ ಇಷ್ಟು ಸಣ್ಣ ಪರೀಕ್ಷೆ!

"ಆತು ಬಿಡ ಬೇ, ಸ್ವಚ್ಛ ಆಗೇತಿ," ಎಂದ ಈರಣ್ಣ.

"ಎಲ್ಲಿ ಆಗೇತಿ? ಆ ಎಸಳಿನ ಬುಡದಾಗ ಹನಿ ನಿಂತೈತಿ, ಕಣ್ಣಿಲ್ಲೇನು?"

ಮತ್ತೆ ಕುದಿಸಿದಳು. ಮತ್ತೆ ನೀರು ಸುರಿದಳು. ಕಡೆಗೊಮ್ಮೆ ನೀರು ಎಲ್ಲೂ ಹನಿಗಟ್ಟದೆ ಹರಡಿತು. ನಾವೆಲ್ಲ ಬಗ್ಗಿ ನೋಡಿದೆವು. ಹುಸೇನಬಿ ಕೂಡ ಬಾಯಿ ಮುಚ್ಚಿದ್ದಳು.

ಈರಣ್ಣ ಅದನ್ನು ಕುದಿಸಿ ಒಣಗಿಸಿದ ಟಿಫಿನ್ ಡಬ್ಬಿಯಲ್ಲಿ ಇಟ್ಟುಕೊಂಡ. (ಚೀಲದಲ್ಲಿ ಸಂಡಿಗೆ ಇತ್ತಲ್ಲ.)

"ಅಲ್ಲಿ ಹೋಗಿ ಇನ್ನೊಮ್ಮಿ ತೊಳಸ್ತೇನಿ. ಸಾಹೇಬರಿಗೂ ಹೇಳ್ತೇನಿ, ಎಣ್ಣಿ ತಾಗಿತ್ತು ಅಂತ."

"ಬೈತಾರಲ್ಲೋ?"

"ಬೈಲಿ. ಅವರಿಗೂ ಅವ್ವ ಇದ್ದಾಳ."

ಮರುದಿನ ಬೆಳಿಗ್ಗೆ ಹೊರಡುವವನು. ಊರಿಗೆ ಹೊರಟ ಮಗನ ತಲೆಗೆ ಎಣ್ಣೆ ತಟ್ಟಿ, ಬಿಸಿನೀರು ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಮೀಸೆ ಬಂದಿರಲಿ, ಸಂಬಳ ಬರಲಿ, ತಲೆ ತಾಯಿಯದೇ. ನೀಲವ್ವ ಬಚ್ಚಲಲ್ಲಿ ಮಣೆ ಹಾಕಿ, ಎಣ್ಣೆಯ ಬಟ್ಟಲು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ತಲಿಗೆ ಹಚ್ಚಿದ್ದೂ ತಾಗತೈತೇನೋ ಅದಕ್ಕ?"

"ನಾವು ಟೊಪ್ಪಿಗಿ ಹಾಕೊಂಡಿರ್ತೇವಿ ಬೇ. ನೀ ಹಚ್ಚು." ಈರಣ್ಣ ತಾನೇ ತಲೆ ಬಗ್ಗಿಸಿ ಕೊಟ್ಟ.

ನೀಲವ್ವ ಬಟ್ಟಲು ನೋಡಿದಳು. ತಲೆ ನೋಡಿದಳು. ಬಟ್ಟಲನ್ನು ಕೆಳಗಿಟ್ಟು ಸೀಗೆಕಾಯಿ ತಂದಳು.

"ಟೊಪ್ಪಿಗಿ ಸರಿತೈತಿ," ಎಂದಳು.

ಎಷ್ಟು ಹೊತ್ತು ತಿಕ್ಕಿದಳೆಂದರೆ, ಬಸ್ಸು ತಪ್ಪುತ್ತದೆ ಎಂದು ನಾನೇ ಹೊರಗಿನಿಂದ ಕೂಗಬೇಕಾಯಿತು. ಒಳಗೆ ನೀರಿನ ಸಪ್ಪಳ ಮಾತ್ರ ಕೇಳುತ್ತಿತ್ತು.

ಬಸ್ಸು ಹೊರಟಾಗ ಈರಣ್ಣ ಕಿಟಕಿಯಲ್ಲಿ ಕೂತಿದ್ದ. ಒಣಗಿದ ಕೂದಲು ಗಾಳಿಗೆ ಎದ್ದು ನಾಲ್ಕೂ ದಿಕ್ಕಿಗೆ ಹಾರುತ್ತಿತ್ತು.

"ಏನ್ ತಲಿ ಅದು, ತಾಯಿ ಇಲ್ದವರ ತಲಿ ಹಂಗ!" ಎಂದಳು ಹುಸೇನಬಿ.

ಅಲ್ಲಿ ಕೇಳದ್ದನ್ನು ಇಲ್ಲಿ ನಿಮ್ಮನ್ನು ಕೇಳುತ್ತೇನೆ. ಆ ಬಸ್ಸಿನಲ್ಲಿ ಎಣ್ಣೆ ಸುರಿಯುವ ತಲೆಗಳು ಬೇಕಾದಷ್ಟಿದ್ದವು. ತಾಯಿಯ ಕೈ ಅಷ್ಟು ಹೊತ್ತು ಆಡಿದ ತಲೆ ಇನ್ನೊಂದಿತ್ತೇ?