ಬಟನ್‌ಗಳು ಜಿಗಿದದ್ದು ನಿಜ

ರೇಣುಕಾ, ನಿನ್ನ ಚಿತ್ರದಲ್ಲಿ ಒಂದು ಕಡೆ ಬಟನ್‌ಗಳೆಲ್ಲ ಸರಕ್ಕನೆ ಜಿಗಿಯುತ್ತಿದ್ದವು. ನನಗೂ ಕಾಣುತ್ತಿತ್ತು. ಕಾಣುವುದಿಲ್ಲ ಎಂದು ಸುಳ್ಳು ಹೇಳಿದೆ — ಒಂದು ಸಲವಲ್ಲ.

ಆಗ ನಾವಿಬ್ಬರೂ ವೈಟ್‌ಫೀಲ್ಡಿನ ಒಂದು ಅನಿಮೇಷನ್ ಸ್ಟುಡಿಯೊದಲ್ಲಿ ಯಾರದೋ ಕಾರ್ಟೂನುಗಳಿಗೆ ಬಣ್ಣ ತುಂಬುತ್ತಿದ್ದೆವು. ಇನ್ನೂ ಮದುವೆಯಾಗಿರಲಿಲ್ಲ. ಭಾನುವಾರ ಬಂದರೆ ಕಾಡುಗೋಡಿಯ ನಿನ್ನ ಬಾಡಿಗೆ ಕೋಣೆಯಲ್ಲಿ ನೀನು ನಿನ್ನದೇ ಒಂದು ಅನಿಮೇಷನ್ ಚಿತ್ರ ಮಾಡುತ್ತಿದ್ದೆ. ಕಥೆಯಿಲ್ಲ, ಪಾತ್ರವಿಲ್ಲ — ಬೂದು ಬಟ್ಟೆಯ ಮೇಲೆ ಹರಡಿದ ಅಂಗಿಯ ಬಟನ್‌ಗಳು. ಒಂದೊಂದನ್ನೂ ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು. ಆ ಫೋಟೊಗಳನ್ನು ಸಾಲಾಗಿ ಓಡಿಸಿ ನೋಡಿದರೆ ಬಟನ್‌ಗಳು ಉಸಿರಾಡುತ್ತಿದ್ದವು. ಚಲನೆ ಬಟನ್‌ನಲ್ಲಿಲ್ಲ, ಎರಡು ಫೋಟೊಗಳ ನಡುವಿನದನ್ನು ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ ಎನ್ನುತ್ತಿದ್ದೆ ನೀನು.

ಒಂದು ಬೆಳಿಗ್ಗೆ ನೀನು ನೀರು ತರಲು ಕೆಳಗೆ ಹೋದಾಗ ನನ್ನ ಕಾಲು ತಗುಲಿ ಕ್ಯಾಮೆರಾ ಸ್ಟ್ಯಾಂಡ್ ವಾಲಿತು. ಅಂದಾಜಿನಲ್ಲಿ ಮೊದಲಿದ್ದಂತೆ ತಿರುಗಿಸಿಟ್ಟೆ; ಒಂದಿಷ್ಟು ಓರೆ ಉಳಿದುಕೊಂಡಿತು. ನಿನಗೆ ಹೇಳಲಿಲ್ಲ. ನೀನು ಇನ್ನೂ ಎರಡು ತಿಂಗಳು ಆ ಚಿತ್ರದ ಮೇಲೇ ದುಡಿದೆ.

ಮುಗಿಸಿ ಓಡಿಸಿದ ದಿನ ನೀನು ಕೇಳಿದೆ: “ಇಲ್ಲಿ ಒಮ್ಮೆಲೇ ಜಿಗೀತಾವಲ್ಲ, ನಿನಗ ಕಾಣವಲ್ದೇನು?”

“ಇಲ್ಲ ಕಣೇ. ನಿನ್ ಕಣ್ಣಿಗೆ ಸುಸ್ತಾಗಿರ್ಬೇಕು” ಎಂದೆ ನಾನು.

ಆಗಲೇ ಒಪ್ಪಿಕೊಂಡಿದ್ದರೆ ಒಂದು ಮಧ್ಯಾಹ್ನ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತು ಸರಿಪಡಿಸಬಹುದಿತ್ತು. ಆದರೆ ನೀನು ಮತ್ತೆ ಮತ್ತೆ ಓಡಿಸಿ ಕೇಳಿದೆ. ನಾನು ಆ ಜಿಗಿತವನ್ನು ನೋಡುತ್ತಲೇ, ಕಾಣುವುದಿಲ್ಲ ಎನ್ನುತ್ತಾ ಹೋದೆ. ಸ್ಟುಡಿಯೊದವರಿಗೂ ತೋರಿಸಿದೆ, ಯಾರಿಗೂ ಕಾಣಲಿಲ್ಲ ಎಂದೂ ಸೇರಿಸಿದೆ. ನಿಜಕ್ಕೂ ನಾನು ಯಾರಿಗೂ ತೋರಿಸಿರಲಿಲ್ಲ.

ಕಣ್ಣಿನ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಏನೂ ದೋಷವಿಲ್ಲ ಎಂದರು. ನನಗೆ ನಿರಾಳವಾಯಿತು — ನಿನ್ನ ಮುಖ ನೋಡುವವರೆಗೆ. “ಕಣ್ಣು ಸರಿ ಅದಾವಂದ್ರ ನನ್ನ ತಲೀನ ಕೆಟ್ಟದ” ಎಂದೆ ನೀನು, ಮೆಲ್ಲಗೆ. ಬಸ್ಸಿನಲ್ಲಿ ಹೇಳಿಬಿಡಬೇಕು ಅಂದುಕೊಂಡೆ. ಹೂಡಿ ಸ್ಟಾಪ್ ದಾಟಿತು, ನಮ್ಮ ಸ್ಟಾಪ್ ಬಂತು... ಹೇಳಲಿಲ್ಲ. ಮರುವಾರ ನೀನು ಕೆಲಸ ಬಿಟ್ಟೆ. ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ.

ಮದುವೆಯಾಗಿ ಎಂಟು ವರ್ಷ. ಇವತ್ತಿಗೂ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ನೇರ ಇದೆಯೇ ಎಂದು ನನ್ನನ್ನು ಕೇಳುತ್ತೀ. ಸೀರೆ ನೀಲಿಯೋ ಹಸಿರೋ ಎಂದು ಕೇಳುತ್ತೀ. ನಾನು ಹೇಳಿದ್ದನ್ನೇ ನಂಬುತ್ತೀ. ಪ್ರತಿ ಉತ್ತರದ ಜೊತೆಗೂ ಆ ಹಳೆಯ ಸುಳ್ಳಿನೊಳಗೆ ನಾನು ಇನ್ನಷ್ಟು ಸಿಕ್ಕಿಕೊಳ್ಳುತ್ತೇನೆ — ನಿನ್ನನ್ನೂ ಅಲ್ಲೇ ಕೂಡಿಹಾಕಿದ್ದೇನೆ.

ಈ ಕಾಗದವನ್ನು ಇವತ್ತು ನಿನ್ನ ಕೈಗೇ ಕೊಟ್ಟು ಎದುರಿಗೆ ಕೂರುತ್ತೇನೆ. ಓದಿ ಮುಗಿಸಿ ತಲೆ ಎತ್ತಿದಾಗ ನನ್ನ ಮುಖದಲ್ಲಿ ಏನು ಕಾಣುತ್ತದೋ, ನನ್ನನ್ನು ಕೇಳಬೇಡ. ನಿನ್ನ ಕಣ್ಣಿಗೆ ಕಂಡದ್ದನ್ನೇ ನಂಬು.