ಲಾರಿಗಳಿಗೆ ರೋಜಾ ಹಿಡಿಸಿದ ಯುನೂಸ್

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಯುನೂಸನ ತಗಡಿನ ಶೆಡ್ಡು ಇತ್ತು. ಲಾರಿಯ ಎಂಜಿನ್ನಿಗೆ ಡೀಸೆಲ್ ಉಣಿಸುವ ಪಂಪನ್ನು ಬಿಚ್ಚಿ ಕೂಡಿಸುವುದು ಅವನ ಕೆಲಸ. ಇಪ್ಪತ್ತು ವರ್ಷ ಅದೊಂದೇ ಕೆಲಸ. ಶೆಡ್ಡಿನ ಎದುರಿಗೇ ಒಂದು ಏರು. ರಿಪೇರಿಯಾದ ಲಾರಿಯನ್ನು ಡ್ರೈವರ್ ಆ ಏರಿಗೆ ಹತ್ತಿಸಿ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ. ಹೊಗೆ ಎಮ್ಮೆಯ ಬೆನ್ನಿನಷ್ಟು ಕಪ್ಪಗಿದ್ದರೆ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಕೆಲಸ ಒಪ್ಪಿಗೆಯಾಯಿತು ಎಂದರ್ಥ.

ತೊಂಬತ್ತರ ದಶಕದ ಕೊನೆಗೆ ಹೊಗೆ ತಪಾಸಣೆ ಬಿಗಿಯಾಯಿತು. “ಹೊಗಿ ಬಿಡಬ್ಯಾಡ ಅಂದ್ರ ಲೋಡ್ ಎತ್ತಬ್ಯಾಡ ಅಂದಂಗ” ಎಂದು ಡ್ರೈವರುಗಳು ಬೈದಾಡಿದರು. ಯುನೂಸ್ ಉಪಾಯ ಹುಡುಕಿದ. ತಪಾಸಣೆಗೆ ಮುಂಚೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಕಡಿಮೆ ಮಾಡುವುದು, ಪಾಸಾದ ಚೀಟಿ ತಂದ ಮೇಲೆ ಮತ್ತೆ ಮೊದಲಿನಂತೆ ಬಿಡುವುದು. ಅದಕ್ಕೆ ಅವನಿಟ್ಟ ಹೆಸರು ರೋಜಾ, ರಂಜಾನಿನ ಉಪವಾಸ.

“ಹೋಗ್ರಿ, ನಿಮ್ಮ ಗಾಡಿ ಉಪಾಸ ಅದ. ಬಂದ ಮ್ಯಾಲ ಉಣಸ್ತೀನಿ.”

ಎರಡು ಸಾವಿರದ ಎರಡರ ಚಳಿಗಾಲದಲ್ಲಿ ರಾಜೇಶ್ವರ ಊರಿನ ಡ್ರೈವರ್ ವೈಜನಾಥ ರೋಜಾ ಬಿಡಿಸಿಕೊಳ್ಳಲು ಬರಲೇ ಇಲ್ಲ. ಹುಮನಾಬಾದಿನಲ್ಲಿ ಚೀಟಿಯ ಜೊತೆಗೆ ತೊಗರಿಯ ಲೋಡೂ ಸಿಕ್ಕಿ, ಹಾಗೆಯೇ ಸೊಲ್ಲಾಪುರಕ್ಕೆ ಹೊರಟಿದ್ದ. ಸುದ್ದಿ ಕೇಳಿ ಯುನೂಸನಿಗೆ ಅನ್ನ ಸೇರಲಿಲ್ಲ. ತುಂಬಿದ ಲಾರಿ ಏರಿನಲ್ಲಿ ನಿಂತರೆ? ಪಂಪು ಯಾರ ಕೈಯದು ಎಂದು ನಾಲ್ಕು ಮಂದಿ ಕೇಳಿದರೆ? ಇಪ್ಪತ್ತು ವರ್ಷದ ಹೆಸರು ಅಲ್ಲಿಗೇ ಮುಗಿಯುತ್ತಿತ್ತು.

ಹದಿನೈದು ದಿನಕ್ಕೆ ವೈಜನಾಥ ನಗುತ್ತಲೇ ಲಾರಿಯಿಂದ ಇಳಿದ.

“ಉಸ್ತಾದ್, ಏನ್ ಮಾಟ ಮಾಡೀರಿ? ಏರಿನ್ಯಾಗ ಒಂದು ಗೇರ್ ಇಳಿಸಬೇಕಾತು, ಅಷ್ಟ. ಖೇಪಿಗೆ ಎಂಟು ಲೀಟರ್ ಡೀಸೆಲ್ ಉಳಿಯಾಕತ್ತದ!”

“ಚಾಷ್ಟಿ ಮಾಡಬ್ಯಾಡ್ರಿ ವೈಜಣ್ಣ.”

“ಸುಳ್ಳಂದ್ರ ನೀವೇ ಬರ್ರಿ.”

ಯುನೂಸ್ ಹೊರಟ. ಬಂಕಿನಲ್ಲಿ ಟ್ಯಾಂಕು ಅಂಚಿನವರೆಗೆ ತುಂಬಿಸಿ, ಅದೇ ತೊಗರಿ, ಅದೇ ಸೊಲ್ಲಾಪುರ. ದಾರಿಯುದ್ದಕ್ಕೂ ಅವನು ಕನ್ನಡಿಯನ್ನೇ ನೋಡುತ್ತಿದ್ದ. ಹಿಂದೆ ಬರೀ ರಸ್ತೆ, ಬೇವಿನ ಮರಗಳು, ನೀಲಿ ಆಕಾಶ. ವಾಪಸು ಬಂದು ಅದೇ ಬಂಕಿನಲ್ಲಿ ತುಂಬಿಸಿದರು. ಹೋಗಿಬರಲು ಎಪ್ಪತ್ತು ಲೀಟರ್ ಹಿಡಿಯುವ ಖೇಪು. ಅರವತ್ತೆರಡಕ್ಕೆ ಬಂಕಿನವನು ನಿಲ್ಲಿಸಿದ.

“ಇನ್ನೂ ಹಾಕ್ರಿ” ಎಂದ ಯುನೂಸ್.

“ತುಂಬೇದ ಸಾಹೇಬ್ರ.”

“ಹಾಕ್ರಿ ಅಂದೆ!”

ಡೀಸೆಲ್ ಉಕ್ಕಿ ಅವನ ಚಪ್ಪಲಿಯ ಮೇಲೆ ಸುರಿಯಿತು. ಯುನೂಸ್ ಕಾಲು ಹಿಂದೆಗೆಯಲಿಲ್ಲ.

ಶೆಡ್ಡಿಗೆ ಬಂದವನು ನಿಂತಿದ್ದ ಲಾರಿಯೊಂದರ ಸೈಲೆನ್ಸರಿನೊಳಗೆ ಬೆರಳು ಹಾಕಿ ಮೂಸಿದ. ಹೆಂಡತಿ ಶಹಜಾದಿ ಶೆಡ್ಡಿನ ಹಿಂದಿನ ಮನೆಯಿಂದ ಸೋಪು ತಂದಳು.

“ಮಸಿ ಅದ, ತೊಳಕೋರಿ.”

“ಮಸಿ ಅಲ್ಲ. ಸರಿಯಾಗಿ ಸುಡದ ಡೀಸೆಲ್ಲು. ಇದನ್ನ ನಾ ತಾಕತ್ತು ಅಂತಿದ್ದೆ.”

ಅವಳು ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ಕಡೆ, ಹಗ್ಗದ ಮೇಲಿನ ಬಟ್ಟೆಗಳ ಕಡೆ ನೋಡಿದಳು. ಎಷ್ಟು ಒಗೆದರೂ ಬೂದು ಬಣ್ಣ ಬಿಡದ ಬಿಳಿ ದುಪಟ್ಟಾ.

“ಹಂಗಾದ್ರ ಇಪ್ಪತ್ತು ವರ್ಷ ನಮ್ಮ ಅರಿವಿ ಮ್ಯಾಲ, ಮೆಣಸಿನಕಾಯಿ ಮ್ಯಾಲ, ನಮ್ಮ ಎದಿಯಾಗ ಬಿದ್ದಿದ್ದು ಡೀಸೆಲ್ಲೇನ್ರಿ?”

ಯುನೂಸ್ ಸೋಪು ಬದಿಗಿಟ್ಟು ದುಪಟ್ಟಾದ ಅಂಚನ್ನು ಮೂಸಿ ನೋಡಿದ.

ಮರುದಿನ ಹುಡಗಿ ಊರಿನ ಡ್ರೈವರ್ ಗುರುಲಿಂಗ ಬಂದ. ಯುನೂಸ್ ನಟ್ಟು ತಿರುಗಿಸುವ ಪಾನಾದಿಂದ ಪಂಪು ಕೂಡಿಸಿ, ತಪಾಸಣೆಗೆ ಇಡುವಂತೆ ಸ್ಕ್ರೂ ಬಿಗಿಯಾಗಿಯೇ ಇಟ್ಟ. ಏರು ಹತ್ತಿದ ಲಾರಿ ಹಿಂದಕ್ಕೆ ಬಂತು.

“ಹೊಗಿ ಎಲ್ಲದ ಉಸ್ತಾದ್?”

“ಹೊಗಿ ಅಂದ್ರ ನಿಮ್ಮ ಡೀಸೆಲ್ಲು ಗುರುಲಿಂಗಣ್ಣ. ಒಂದು ಖೇಪು ನೋಡ್ರಿ, ಉಳೀಲಿಲ್ಲಂದ್ರ ನನ್ನ ಪಾನಾ ಒಯ್ದು ಹಳ್ಳಕ್ಕ ಒಗೀರಿ.”

“ವಯಸ್ಸಾತು ನಿಮಗ” ಎಂದು ಗುರುಲಿಂಗ ಆಚೆ ಬದಿಯ ಶೆಡ್ಡಿಗೆ ಲಾರಿ ತಿರುಗಿಸಿದ.

ಹೆದ್ದಾರಿಯಲ್ಲಿ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಯಾವ ಪಂಪು ತನ್ನ ಕೈಯದು ಎಂದು ಯುನೂಸನಿಗೆ ದೂರದಿಂದಲೇ ತಿಳಿಯುತ್ತಿತ್ತು. ಅವೇ ಎಲ್ಲಕ್ಕಿಂತ ಕಪ್ಪಗೆ ಉಗುಳುತ್ತಿದ್ದವು. ಒಂದು, ಮೂರು, ಆರು. ಅವನು ಪಾನಾ ಹಿಡಿದುಕೊಂಡೇ ರಸ್ತೆಗೆ ಓಡಿ ಎರಡೂ ಕೈ ಅಗಲಿಸಿ, “ನಿಲ್ಲಸ್ರಿ, ಸ್ಕ್ರೂ ಬಿಗೀತೀನಿ!” ಎಂದು ಕೂಗುತ್ತ ನಿಂತ.

ಮೊದಲ ದಿನ ಯಾರೂ ನಿಲ್ಲಿಸಲಿಲ್ಲ.