ಮುಂಬೈಯ ತುತ್ತೂರಿಗೆ ಬ್ಯಾಡಗಿಯಲ್ಲಿ ಸಾಕ್ಷಿ

ಬ್ಯಾಂಕಿನ ಕೆಲಸಕ್ಕೆಂದು ಬ್ಯಾಡಗಿಗೆ ಮೆಣಸಿನಕಾಯಿ ಗೋದಾಮು ನೋಡಲು ಹೋಗಿದ್ದೆ. ಕಾರಿನಲ್ಲಿ ಜಾಝ್ ಸಂಗೀತದ ಸಿ.ಡಿ. ಹಾಕಿಕೊಂಡಿದ್ದೆ. ದಾರಿ ತೋರಿಸಲು ಪಕ್ಕದಲ್ಲಿ ಕುಳಿತಿದ್ದ ವ್ಯಾಪಾರಿ ಚನ್ನಬಸಪ್ಪನವರು ಗೋದಾಮು ಬಂದರೂ ಇಳಿಯಲೊಲ್ಲರು.

"ಮೇಡಂ, ಇದನ್ನ ನಾ ಎದುರಿಗೇ ಕುಂತು ಕೇಳೇನ್ರಿ! ಹರೇದಾಗ ಮಾಲು ಮಾರಾಕ ಮುಂಬೈಗೆ ಹೋದಾಗೆಲ್ಲ ಒಂದು ಹೋಟೆಲ್‌ನ್ಯಾಗ ಬಾರಸ್ತಿದ್ರು. ತುತ್ತೂರಿಯಂವ ಎದ್ದು ನಿಂತಾಂದ್ರ ಉಳದವ್ರು ದನಿ ಸಣ್ಣ ಮಾಡಿ ದಾರಿ ಬಿಡವ್ರು. ಅಂವ ಮನಸ್ಸಿಗೆ ಬಂದಂಗ ಎಲ್ಲೆಲ್ಲೋ ಅಡ್ಡಾಡಿ, ಮತ್ತ ಬಂದು ಎಲ್ಲಾರ ಜೋಡಿ ಕೂಡಾಂವ. ಚಹಾ ಆರಿ ಹೋದ್ರೂ ನನಗ ಖಬರ ಇರತಿದ್ದಿಲ್ಲ. ನಮ್ಮಾಕಿ ಮಾತ್ರ ಇವತ್ತಿಗೂ ನಂಬಂಗಿಲ್ರಿ. ನಾ ಕುಡಿಯಾಕ ಹೋಗ್ತಿದ್ದೆ ಅಂತಾಳ. ನೀವರ ಕೇಳಸ್ರಿ ಆಕಿಗೆ."

ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕುಳಿತಿದ್ದ ಅವರ ಹೆಂಡತಿ ಗಂಗಮ್ಮನವರನ್ನು ಕರೆದೆವು. ಕೈಯೆಲ್ಲ ಖಾರವೆಂದು ಸೆರಗು ಹಿಡಿದೇ ಕಾರಿನ ಬಾಗಿಲು ತೆಗೆದು, ಹಿಂದೆ ಕುಳಿತು, ಕಣ್ಣು ಮುಚ್ಚಿ ಪೂರಾ ಕೇಳಿದರು. ಗಂಡ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಅವರ ಮುಖವನ್ನೇ ನೋಡುತ್ತಿದ್ದರು.

"ನೀವು ಹೇಳಿದ್ದು ಖರೇ ಐತಿ ಬಿಡ್ರಿ," ಎಂದರು ಗಂಗಮ್ಮ.

ಚನ್ನಬಸಪ್ಪನವರ ಮುಖ ಅರಳಿತು.

"ಮತ್ತ, ಇಷ್ಟು ಚಂದಂದು ನೀವೊಬ್ಬರೇ ಕುಂತು ಕೇಳಿ ಬರತಿದ್ರಿ? ಒಂದು ಸರ್ತಿಯರ ನನ್ನ ಕರಕೊಂಡು ಹೋಗಬೇಕು ಅನಸಲಿಲ್ಲಲ್ಲ ನಿಮಗ!"

ಚನ್ನಬಸಪ್ಪನವರು ಸಹಾಯಕ್ಕಾಗಿ ನನ್ನತ್ತ ನೋಡಿದರು. ನಾನು ಗೋದಾಮಿನತ್ತ ನೋಡಿದೆ. ಕುಡಿತವನ್ನಾದರೆ ಆಕೆ ಎಂದೋ ಕ್ಷಮಿಸಿಬಿಟ್ಟಿದ್ದರು. ಈ ಸಂಗೀತವನ್ನು ಕ್ಷಮಿಸುವ ಲಕ್ಷಣ ಕಾಣಲಿಲ್ಲ.